ಎಫ್‌ಇಎಂಎಂ ಮತ್ತು ಎಲ್ಮರ್: ಆರು ವರ್ಷ ಬಳಸಿದ ಮೇಲೆ

ಶಿವಮೊಗ್ಗದ ನಮ್ಮ ಸಣ್ಣ ವರ್ಕ್‌ಶಾಪಿನಲ್ಲಿ ಅಡಿಕೆ ತೋಟಗಳ ಹನಿ ನೀರಾವರಿಗೆ ಬೇಕಾದ ಸೊಲೆನಾಯ್ಡ್ ವಾಲ್ವುಗಳನ್ನು ತಯಾರಿಸುತ್ತೇವೆ. ವಾಲ್ವಿನೊಳಗಿನ ವಿದ್ಯುತ್ಕಾಂತ ಎಷ್ಟು ಬಲದಿಂದ ಸೆಳೆಯುತ್ತದೆ, ಆ ಸೆಳೆತಕ್ಕೆ ಅಂಚಿನಲ್ಲಿ ಬಿಗಿದ ಉಕ್ಕಿನ ತೆಳು ಬಿಲ್ಲೆ ಎಷ್ಟು ಬಾಗುತ್ತದೆ ಎಂಬುದನ್ನು ಕಾಯಿಲ್ ಸುತ್ತುವ ಮೊದಲೇ ತಿಳಿಯಲು ಎರಡು ಉಚಿತ ತಂತ್ರಾಂಶಗಳನ್ನು ನೆಚ್ಚಿಕೊಂಡಿದ್ದೇನೆ: ಕಾಂತಬಲಕ್ಕೆ ಡೇವಿಡ್ ಮೀಕರ್ ಅವರ ಎಫ್‌ಇಎಂಎಂ, ಬಾಗುವಿಕೆಗೆ ಫಿನ್‌ಲ್ಯಾಂಡಿನ ಸಿಎಸ್‌ಸಿ ಕೇಂದ್ರದ ಎಲ್ಮರ್.

ಎಫ್‌ಇಎಂಎಂ ಎರಡು ಆಯಾಮಗಳಲ್ಲಿ ಮಾತ್ರ ಲೆಕ್ಕ ಹಾಕುತ್ತದೆ. ಆದರೆ ನಮ್ಮ ವಾಲ್ವು ಅಕ್ಷದ ಸುತ್ತ ಒಂದೇ ರೂಪದ್ದಾಗಿರುವುದರಿಂದ ಅರ್ಧ ಸೀಳಿದ ಚಿತ್ರವೇ ಸಾಕಾಗುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಉತ್ತರ ಕೆಲವೇ ಸೆಕೆಂಡುಗಳಲ್ಲಿ ಬರುತ್ತದೆ. ಲೆಕ್ಕಕ್ಕಾಗಿ ಅದು ಚಿತ್ರವನ್ನು ಪುಟ್ಟ ತ್ರಿಕೋನಗಳಾಗಿ ಹಂಚಿಕೊಳ್ಳುತ್ತದೆ. ಮೊದಲ ವರ್ಷ ಕಾಂತಕ್ಕೂ ಬಿಲ್ಲೆಗೂ ನಡುವಿನ ಗಾಳಿಯ ಅಂತರದಲ್ಲಿ ಈ ತ್ರಿಕೋನಗಳ ಒಂದೇ ಸಾಲು ಇರುವಂತೆ ಬಿಟ್ಟು, ಸ್ಪ್ರಿಂಗ್ ತಕ್ಕಡಿಗೆ ತಾಳೆಯಾಗದ ಬಲವನ್ನು ನಂಬಿದ್ದೆ. ಈಗ ಅಲ್ಲಿ ಐದಾರು ಸಾಲು ಇಡುತ್ತೇನೆ. ತ್ರಿಕೋನಗಳ ಗಾತ್ರವನ್ನು ಇನ್ನೂ ಅರ್ಧಕ್ಕೆ ಇಳಿಸಿದರೂ ಬಲ ಕದಲದಿದ್ದರೆ ಮಾತ್ರ ಒಪ್ಪುತ್ತೇನೆ. 1 ಟೆಸ್ಲಾ ಕಾಂತಕ್ಷೇತ್ರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 4 ಕಿಲೋ ತೂಕದಷ್ಟು ಸೆಳೆತ ಎಂಬ ಕೈಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಬಿಸಿಯ ಲೆಕ್ಕವನ್ನು ನಾವೇ ಸೇರಿಸಬೇಕು. ಕಾಯಿಲಿನ ಬಿಸಿ 50 ಡಿಗ್ರಿಯಷ್ಟು ಹೆಚ್ಚಿದರೆ ತಾಮ್ರದ ರೋಧ ಸುಮಾರು ಶೇ. 20 ಏರುತ್ತದೆ, ವೋಲ್ಟೇಜ್ ಅಷ್ಟೇ ಇದ್ದು ಕಬ್ಬಿಣ ಸ್ಯಾಚುರೇಟ್ ಆಗಿರದಿದ್ದರೆ (ಇನ್ನಷ್ಟು ಕಾಂತತ್ವ ಹಿಡಿಯಲಾರದ ಮಿತಿ ಮುಟ್ಟಿರದಿದ್ದರೆ), ಸೆಳೆತ ಸುಮಾರು ಶೇ. 30 ಕುಸಿಯುತ್ತದೆ. ತೋಟಕ್ಕೆ ನೀರು ಅತ್ಯಗತ್ಯವಾದ ಮಾರ್ಚ್, ಏಪ್ರಿಲ್ ತಿಂಗಳುಗಳ ಮಧ್ಯಾಹ್ನದಲ್ಲೇ ವಾಲ್ವು ಸೋಲುವ ಅಪಾಯ ಹೆಚ್ಚು.

ನನ್ನ ಹೆಚ್ಚಿನ ಶ್ರಮ ಹೋಗಿರುವುದು ಬಲ ಮತ್ತು ಬಾಗುವಿಕೆಯನ್ನು ಜೋಡಿಸುವುದರಲ್ಲಿ. ಬಿಲ್ಲೆ ಬಾಗಿದಷ್ಟೂ ಅಂತರ ಕಿರಿದಾಗುತ್ತದೆ, ಅಂತರ ಕಿರಿದಾದಷ್ಟೂ ಸೆಳೆತ ಹೆಚ್ಚಿ ಬಿಲ್ಲೆ ಮತ್ತಷ್ಟು ಬಾಗುತ್ತದೆ. 0.5 ಮಿ.ಮೀ. ಅಂತರ ಎಲ್ಲೆಡೆ 0.05 ಮಿ.ಮೀ.ನಷ್ಟು ಕುಗ್ಗಿದರೂ ಸೆಳೆತ ಸುಮಾರು ಶೇ. 23 ಏರಬಹುದು. ಈ ಸುತ್ತನ್ನು ಎಫ್‌ಇಎಂಎಂ ತಾನಾಗಿ ಬಿಡಿಸುವುದಿಲ್ಲ. ಅದರ ಬಲವನ್ನು ಎಲ್ಮರ್‌ಗೆ ಕೊಟ್ಟು, ಬಾಗಿದ ಆಕಾರವನ್ನು ಲುವಾ ಭಾಷೆಯ ಪುಟ್ಟ ಪ್ರೋಗ್ರಾಮಿನ ಮೂಲಕ ಮತ್ತೆ ಎಫ್‌ಇಎಂಎಂನಲ್ಲಿ ಬರೆದು, ಎರಡು ಸುತ್ತುಗಳ ನಡುವೆ ವ್ಯತ್ಯಾಸ ಅಳಿಯುವವರೆಗೆ ನಡೆಸುತ್ತೇನೆ. ವ್ಯತ್ಯಾಸ ಅಳಿಯದೆ ಬೆಳೆಯುತ್ತಲೇ ಹೋದರೆ ಬಿಲ್ಲೆ ಕಾಂತಕ್ಕೆ ಪೂರ್ತಿ ಅಂಟಿಕೊಳ್ಳಲಿದೆ ಎಂಬ ಸುಳಿವು ಸಿಕ್ಕಂತೆ. ಬಿಲ್ಲೆಯ ದಪ್ಪವನ್ನು 1 ಮಿ.ಮೀ.ನಿಂದ 0.8ಕ್ಕೆ ಇಳಿಸೋಣವೆಂದಾಗ ನಮ್ಮನ್ನು ತಡೆದದ್ದು ಇದೇ ಲೆಕ್ಕ. ಅಷ್ಟಕ್ಕೇ ಬಾಗುವಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಎಲ್ಮರ್ ಕಲಿಯಲು ತಾಳ್ಮೆ ಬೇಕು. ಪರದೆಯ ಮೆನುಗಳಲ್ಲಿ ಎಲ್ಲ ಆಯ್ಕೆಗಳೂ ಸಿಗುವುದಿಲ್ಲ, ಪಠ್ಯ ಕಡತವನ್ನು ಕೈಯಾರೆ ಬರೆಯಬೇಕಾಗುತ್ತದೆ. ಒಮ್ಮೆ ಬರೆದಿಟ್ಟರೆ ದಪ್ಪ ಬದಲಿಸಲು ಒಂದು ಅಂಕಿ ತಿದ್ದಿದರೆ ಸಾಕು. ಮೂರು ಆಯಾಮದ ಲೆಕ್ಕ ಗಂಟೆಗಟ್ಟಲೆ ಓಡುವುದರಿಂದ, ಜುಲೈ ಮಳೆಯಲ್ಲಿ ಕರೆಂಟು ಹೋಗಿ ಎರಡು ಬಾರಿ ಕೆಲಸ ಕಳೆದುಕೊಂಡ ಮೇಲೆ ಯುಪಿಎಸ್ ಹಾಕಿಸಿ, ನಡುನಡುವೆ ಫಲಿತಾಂಶ ಉಳಿಸುವಂತೆ ಕಡತದಲ್ಲೇ ಬರೆದಿದ್ದೇನೆ.