ದೆಹಲಿಗೆ ಹೋಗಲು ಸೋಗಾನೆಯೋ, ದೇವನಹಳ್ಳಿಯೋ, ಬಜ್ಪೆಯೋ?

ತೀರ್ಥಹಳ್ಳಿಯಿಂದ ದೆಹಲಿಗೆ ವಿಮಾನದಲ್ಲಿ ಹೋಗಲು ನಮಗೆ ಮೂರು ದಾರಿಗಳಿವೆ. ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ಹತ್ತಿ ಬೆಂಗಳೂರಿನಲ್ಲಿ ಬದಲಿಸುವುದು. ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದೇವನಹಳ್ಳಿಯಲ್ಲಿ ಹತ್ತುವುದು. ಇಲ್ಲವೇ ಆಗುಂಬೆ ಘಾಟಿ ಇಳಿದು ಮಂಗಳೂರಿನ ಬಜ್ಪೆಗೆ ಹೋಗುವುದು. ತಂಗಿಯ ಸಂಸಾರ ದೆಹಲಿಯಲ್ಲಿ. ಹಾಗಾಗಿ ಮೂರೂ ದಾರಿಯಲ್ಲಿ ಓಡಾಡಿದ್ದೇನೆ, ಒಬ್ಬಳೇ ಹೋಗಿದ್ದೂ ಉಂಟು, ಅಮ್ಮನನ್ನು ಕರೆದುಕೊಂಡು ಹೋಗಿದ್ದೂ ಉಂಟು. ಯಾವುದು ಒಳ್ಳೆಯದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಎರಡೇ: ಯಾವ ತಿಂಗಳು, ಜೊತೆಗೆ ಯಾರು?

ಟಿಕೆಟ್ ದರ ಆಮೇಲಿನ ಮಾತು. ಮೂರು ತಿಂಗಳು ಮೊದಲೇ ಕೂತು ದಾರಿ ಗಟ್ಟಿ ಮಾಡಿಕೊಂಡರೆ ದರ ನೋಡುವುದೂ ಸುಲಭ. ದಾರಿಯೇ ಗೊತ್ತಿಲ್ಲದೆ ದಿನಾ ದರ ನೋಡುತ್ತಾ ಕೂತರೆ ತಲೆ ಕೆಡುತ್ತದೆ ಅಷ್ಟೆ.

ಒಂದು ಸಂಗತಿ ಮೊದಲೇ ಗೊತ್ತಿರಬೇಕು. ವಿಮಾನದ ಟಿಕೆಟ್ ಬಹಳ ತಿಂಗಳು ಮುಂಚೆಯೇ ಸಿಗುತ್ತದೆ. ರೈಲಿನದು ಹಾಗಲ್ಲ. 2024ರ ನವೆಂಬರ್‌ನಿಂದ ರೈಲ್ವೆಯ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಅಂದರೆ ರೈಲು ಹಿಡಿದು ದೇವನಹಳ್ಳಿಗೆ ಹೋಗುವ ದಾರಿಯಲ್ಲಿ ವಿಮಾನದ ಟಿಕೆಟ್ ಮೊದಲು ಕೈಗೆ ಬರುತ್ತದೆ, ಅಲ್ಲಿಗೆ ಮುಟ್ಟಿಸುವ ರೈಲಿನ ಟಿಕೆಟ್ ಆಮೇಲೆ. ಇನ್ನೊಂದು, ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್‌ನ ಕೊನೆಯ ಭಾನುವಾರ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ಬೆಂಗಳೂರು–ದೆಹಲಿ ಮಧ್ಯೆ ದಿನಕ್ಕೆ ಎಷ್ಟೋ ವಿಮಾನಗಳಿರುವುದರಿಂದ ಅಲ್ಲಿ ಇದು ಅಷ್ಟು ತಟ್ಟುವುದಿಲ್ಲ. ನಮ್ಮಂಥ ಸಣ್ಣ ಊರಿನ ವಿಮಾನಕ್ಕೆ ತಟ್ಟುತ್ತದೆ. ಹಾರುವ ವಾರ ಬದಲಾಗಬಹುದು, ಹೊತ್ತು ಬದಲಾಗಬಹುದು, ವಿಮಾನವೇ ಇಲ್ಲದೆಯೂ ಹೋಗಬಹುದು.

ಈಗ ಸೋಗಾನೆ. ನಮ್ಮ ತಾಲ್ಲೂಕಿನ ಕುಪ್ಪಳ್ಳಿಯ ಕುವೆಂಪು ಅವರ ಹೆಸರಿನ ನಿಲ್ದಾಣ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು, ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂತು. ತೀರ್ಥಹಳ್ಳಿಯಿಂದ ಮಂಡಗದ್ದೆ, ಸಕ್ರೆಬೈಲು ದಾಟಿ ಶಿವಮೊಗ್ಗಕ್ಕೆ 60 ಕಿಲೋಮೀಟರ್, ಅಲ್ಲಿಂದ ಸ್ವಲ್ಪ ಮುಂದೆ. ಮನೆಯಲ್ಲಿ ತಿಂಡಿ ತಿಂದು ಹೊರಡಬಹುದು. ವಯಸ್ಸಾದವರಿಗೆ ಇದಕ್ಕಿಂತ ಸುಖ ಇನ್ನೇನಿದೆ? ನಿಲ್ದಾಣ ಚಿಕ್ಕದು, ನಡೆಯುವುದು ಕಡಿಮೆ, ಸಾಲು ಕಡಿಮೆ. ಬೆಂಗಳೂರಿಗೆ ಹಾರುವ ಎಟಿಆರ್ ಸಣ್ಣ ವಿಮಾನ, ಹಿಂಬದಿಯ ಬಾಗಿಲಲ್ಲಿ ಹತ್ತಬೇಕು. ತಲೆಯ ಮೇಲಿನ ಸಾಮಾನು ಗೂಡೂ ಸಣ್ಣದು, ದೊಡ್ಡ ಟ್ರಾಲಿ ಬ್ಯಾಗ್ ಹಿಡಿಸುವುದಿಲ್ಲ. ಅಮ್ಮನ ಮಂಡಿನೋವಿಗೆ ಗಾಲಿಕುರ್ಚಿ ಬೇಕು ಅಂತ ಟಿಕೆಟ್ ಮಾಡುವಾಗಲೇ ಬರೆಸಿಬಿಡುತ್ತೇನೆ. ಹೊರಡುವ 48 ಗಂಟೆ ಮೊದಲಾದರೂ ಕಂಪನಿಗೆ ತಿಳಿಸಿರಬೇಕು. ಹಿಂದಿನ ದಿನ ಒಂದು ಫೋನ್ ಮಾಡಿ ಮತ್ತೆ ಖಚಿತ ಮಾಡಿಕೊಳ್ಳುವುದು ಇನ್ನೂ ಒಳ್ಳೆಯದು.

ಸೋಗಾನೆ ದಾರಿಯಲ್ಲಿ ನಾನು ಬಿಡದೆ ಪಾಲಿಸುವುದು ಒಂದನ್ನೇ: ಸೋಗಾನೆಯಿಂದ ದೆಹಲಿವರೆಗೆ ಒಂದೇ ಟಿಕೆಟ್, ಒಂದೇ ಪಿಎನ್‌ಆರ್. ಬೇರೆ ಬೇರೆ ತೆಗೆದರೆ ಅಗ್ಗ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ನಾನು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ಒಂದೇ ಟಿಕೆಟ್‌ನ ದರವೇ ಬಹುಪಾಲು ಕಡಿಮೆ ಇತ್ತು. ದರಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಒಂದು ಸಲ ಚಳಿಗಾಲದ ವೇಳಾಪಟ್ಟಿ ಬಂದಾಗ ಕಂಪನಿಯವರು ಶಿವಮೊಗ್ಗದ ವಿಮಾನದ ಹೊತ್ತನ್ನು ಮುಂದೆ ಹಾಕಿದರು. ಬೆಂಗಳೂರಿನಲ್ಲಿ ದೆಹಲಿ ವಿಮಾನ ಸಿಗುವ ಹಾಗೇ ಇರಲಿಲ್ಲ. ಒಂದೇ ಪಿಎನ್‌ಆರ್ ಆಗಿದ್ದರಿಂದ ಒಂದು ಪೈಸೆ ಜಾಸ್ತಿ ತೆಗೆದುಕೊಳ್ಳದೆ ಸಂಜೆಯ ವಿಮಾನಕ್ಕೆ ಹಾಕಿಕೊಟ್ಟರು. ಬೇರೆ ಬೇರೆ ಟಿಕೆಟ್ ಆಗಿದ್ದರೆ ಎರಡನೆಯದನ್ನು ನಾವೇ ಕೈಯಿಂದ ದುಡ್ಡು ಹಾಕಿ ಬದಲಿಸಬೇಕಿತ್ತು. ಸಾಮಾನು ಕೂಡ ಒಂದೇ ಟಿಕೆಟ್ ಆದರೆ ನೇರ ದೆಹಲಿಯಲ್ಲೇ ಕೈಗೆ ಸಿಗುತ್ತದೆ. ಬೆಂಗಳೂರಿನಲ್ಲಿ ಬೆಲ್ಟ್ ಹತ್ತಿರ ಕಾದು, ಹೊರಗೆ ಬಂದು, ಮತ್ತೆ ಚೆಕ್-ಇನ್ ಸಾಲಿನಲ್ಲಿ ನಿಲ್ಲುವ ಪಾಡು ಇಲ್ಲ.

ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಸೋಗಾನೆ ನಂಬಿ ಹೊರಡುವುದಿಲ್ಲ. ನಮ್ಮ ಮಳೆ ಎಂಥದ್ದು ಅಂತ ನಮಗೇ ಹೇಳಬೇಕಾ? ಮೋಡ ಕೆಳಗಿಳಿದು ರನ್‌ವೇ ಕಾಣದಿದ್ದರೆ ವಿಮಾನ ಇಳಿಯುವುದಿಲ್ಲ. ಬಂದ ವಿಮಾನ ಇಳಿಯಲಿಲ್ಲ ಅಂದರೆ ನಮ್ಮನ್ನು ಕರೆದೊಯ್ಯಲು ಬೇರೆ ವಿಮಾನ ಅಲ್ಲಿ ಕಾದು ನಿಂತಿರುವುದಿಲ್ಲ. ಹವಾಮಾನದಿಂದ ರದ್ದಾದರೆ ಟಿಕೆಟ್ ಹಣ ವಾಪಸ್ ಬರುತ್ತದೆ, ಇಲ್ಲ ಬೇರೆ ವಿಮಾನ ಕೊಡುತ್ತಾರೆ, ಅದರ ಮೇಲೆ ಪರಿಹಾರ ಅಂತ ಏನೂ ಇಲ್ಲ. ಮದುವೆಗೋ ಪರೀಕ್ಷೆಗೋ ಹೋಗಬೇಕಾದವರಿಗೆ ಹಣ ವಾಪಸ್ ಬಂದು ಏನು ಪ್ರಯೋಜನ?

ಮಳೆಗಾಲಕ್ಕೆ ನನ್ನ ಆಯ್ಕೆ ರೈಲು ಮತ್ತು ದೇವನಹಳ್ಳಿ. ತಾಳಗುಪ್ಪ–ಮೈಸೂರು ರಾತ್ರಿ ರೈಲು ಶಿವಮೊಗ್ಗದಲ್ಲಿ ಹತ್ತಿದರೆ ಬೆಳಕು ಹರಿಯುವ ಮೊದಲೇ ಬೆಂಗಳೂರು. ಮೆಜೆಸ್ಟಿಕ್‌ನಿಂದ ವಾಯುವಜ್ರ ಬಸ್ ಇದೆ. ಆ ಹೊತ್ತಿನಲ್ಲಿ ಟ್ರಾಫಿಕ್ಕೂ ಇರುವುದಿಲ್ಲ. ಒಬ್ಬಳೇ ಹೋಗುವಾಗ ನನಗೆ ಇದೇ ಇಷ್ಟ, ಖರ್ಚೂ ಕಡಿಮೆ. ಇಲ್ಲಿ ತಯಾರಿ ಹೀಗೆ. ಬೆಂಗಳೂರು–ದೆಹಲಿ ಟಿಕೆಟನ್ನು ಎರಡು-ಮೂರು ತಿಂಗಳು ಮುಂಚೆ ತೆಗೆಯುತ್ತೇನೆ. ಗೂಗಲ್ ಫ್ಲೈಟ್ಸ್‌ನಲ್ಲಿ ದಿನಾಂಕ ಹಾಕಿ ದರ ಬದಲಾದರೆ ತಿಳಿಸು ಅಂತ ಒತ್ತಿಟ್ಟರೆ ಇಮೇಲ್ ಬರುತ್ತದೆ. ಅಲ್ಲಿ ನೋಡಿಕೊಂಡು, ಕೊಳ್ಳುವುದು ಮಾತ್ರ ವಿಮಾನ ಕಂಪನಿಯ ಸ್ವಂತ ಜಾಲತಾಣದಲ್ಲೇ. ಮಧ್ಯವರ್ತಿ ಆ್ಯಪ್‌ನಲ್ಲಿ ತೆಗೆದ ಟಿಕೆಟ್ ಬದಲಿಸಬೇಕಾದಾಗ ಇವರು ಅವರನ್ನು ಕೇಳಿ ಅಂತಾರೆ, ಅವರು ಇವರನ್ನು ಕೇಳಿ ಅಂತಾರೆ. ರೈಲಿಗೆ 60 ದಿನದ ಬಾಗಿಲು ತೆರೆಯುವ ದಿನ ಬೆಳಿಗ್ಗೆ ಎಂಟಕ್ಕೆ ಫೋನ್ ಹಿಡಿದು ಕೂತಿರಬೇಕು. ಹಬ್ಬದ ಆಸುಪಾಸಿನಲ್ಲಿ ಕೆಳಗಿನ ಬರ್ತ್ ಬೇಗ ಖಾಲಿಯಾಗುತ್ತದೆ.

ರೈಲು ತಡವಾದರೆ ವಿಮಾನ ಕಾಯುವುದಿಲ್ಲ ಅಲ್ವಾ? ಅದಕ್ಕೇ ರೈಲು ಮುಟ್ಟುವ ಹೊತ್ತಿಗೂ ವಿಮಾನ ಹೊರಡುವ ಹೊತ್ತಿಗೂ ಮಧ್ಯೆ ಆರು ಗಂಟೆಯಾದರೂ ಇಟ್ಟುಕೊಳ್ಳುತ್ತೇನೆ. ಡಿಸೆಂಬರ್ ಕೊನೆ, ಜನವರಿಯಲ್ಲಿ ಈ ಅಂತರ ಇನ್ನೊಂದು ರೀತಿಯಲ್ಲೂ ಒಳ್ಳೆಯದು. ಆಗ ದೆಹಲಿಯಲ್ಲಿ ಬೆಳಗಿನ ಮಂಜು ದಟ್ಟ, ಬೇಗ ಇಳಿಯಬೇಕಾದ ವಿಮಾನಗಳೇ ಹೆಚ್ಚು ತಡವಾಗುವುದು. ಮಧ್ಯಾಹ್ನ ದಾಟಿ ಇಳಿಯುವ ವಿಮಾನ ಹಿಡಿದರೆ ನೆಮ್ಮದಿ.

ಅಮ್ಮ ಮಾತ್ರ ಈ ದಾರಿಗೆ ಒಪ್ಪುವುದಿಲ್ಲ. "ರಾತ್ರಿಯೆಲ್ಲ ರೈಲು, ಬೆಳಿಗ್ಗೆ ಬಸ್ಸು, ಆಮೇಲೆ ವಿಮಾನ. ನನ್ನ ಕೈಲಾಗಲ್ಲ ಕಣೇ" ಅಂತಾರೆ. ಅವರ ಮಾತು ನಿಜ. ಹಾಗಾಗಿ ಅವರ ಪ್ರಯಾಣವನ್ನು ಮಳೆ ಮುಗಿದ ಮೇಲೆ, ಅಡಿಕೆ ಕೊಯ್ಲು ಜೋರಾಗುವ ಮೊದಲು, ಸೋಗಾನೆಯಿಂದಲೇ ಇಟ್ಟುಕೊಳ್ಳುತ್ತೇವೆ. ಅಕ್ಟೋಬರ್ ಕೊನೆಯ ವೇಳಾಪಟ್ಟಿ ಬದಲಾವಣೆ ನಡುವೆ ಬರುತ್ತದಾದ್ದರಿಂದ ನವೆಂಬರ್ ಟಿಕೆಟ್‌ಗೆ ತೀರಾ ಆತುರ ಮಾಡುವುದಿಲ್ಲ. ಹೊಸ ವೇಳಾಪಟ್ಟಿಯಲ್ಲಿ ಶಿವಮೊಗ್ಗದ ವಿಮಾನ ಯಾವ ವಾರ, ಎಷ್ಟು ಗಂಟೆಗೆ ಅಂತ ಖಾತ್ರಿಯಾದ ಮೇಲೆ ತೆಗೆಯುತ್ತೇವೆ. ದರ ಸ್ವಲ್ಪ ಏರಿದ್ದರೂ ಪರವಾಗಿಲ್ಲ.

ಬಜ್ಪೆ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಆಗುಂಬೆ, ಸೋಮೇಶ್ವರ, ಹೆಬ್ರಿ, ಕಾರ್ಕಳ, ಮೂಡಬಿದಿರೆ ದಾಟಿ ಹೋಗಬೇಕು. ನಿಲ್ದಾಣ ಸೋಗಾನೆಗಿಂತ ದೊಡ್ಡದು, ವಿಮಾನಗಳೂ ಜಾಸ್ತಿ. ಮುಂಬೈಗೆ ಹೋಗುವವರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ, ನೇರ ವಿಮಾನ ಸಿಗುತ್ತದೆ. ದೆಹಲಿಗೆ ನನಗೆ ಅಷ್ಟು ಲಾಭ ಕಾಣಲಿಲ್ಲ, ಟ್ಯಾಕ್ಸಿ ಬಾಡಿಗೆ ಸೇರಿಸಿದರೆ ಉಳಿತಾಯವೆಲ್ಲ ಅಲ್ಲಿಗಲ್ಲಿಗೆ. 14 ತಿರುವು ಇಳಿಯುವಾಗ ಅಮ್ಮನಿಗೆ ಹೊಟ್ಟೆ ತೊಳಸುತ್ತದೆ ಬೇರೆ. ಮಳೆಗಾಲದಲ್ಲಿ ಘಾಟಿಯಲ್ಲಿ ಮರ ಬಿದ್ದು, ಮಣ್ಣು ಕುಸಿದು ದಾರಿ ನಿಲ್ಲುವುದು ನಮಗೇನು ಹೊಸದಲ್ಲ.

ಇನ್ನು ಸಾಮಾನು. ಮಲೆನಾಡಿನವರು ಬರಿಗೈಯಲ್ಲಿ ಹೋಗುವುದುಂಟೇ? ದೇಶದೊಳಗಿನ ವಿಮಾನದ ಸಾಮಾನ್ಯ ಟಿಕೆಟ್‌ಗೆ ಹೆಚ್ಚಾಗಿ 15 ಕಿಲೋ ಚೆಕ್-ಇನ್, 7 ಕಿಲೋ ಕೈಚೀಲ. ಅಪ್ಪೆಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿಟ್ಟರೆ ತಪಾಸಣೆಯಲ್ಲಿ ತೆಗೆಸುತ್ತಾರೆ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಟವೆಲ್ ಸುತ್ತಿ, ಚೆಕ್-ಇನ್ ಪೆಟ್ಟಿಗೆಯಲ್ಲೇ ಹಾಕಬೇಕು. ಒಣಕೊಬ್ಬರಿ ಮಾತ್ರ ಅದರಲ್ಲೂ ಹಾಕುವಂತಿಲ್ಲ. ಎಣ್ಣೆ ಅಂಶ ಜಾಸ್ತಿ ಇರುವುದರಿಂದ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಹುದು ಅಂತ ಅದನ್ನು ಬಿಡುವುದಿಲ್ಲ. ಕೊಬ್ಬರಿ ಕಳಿಸಲೇಬೇಕಿದ್ದರೆ ಪಾರ್ಸೆಲ್ ಮಾಡುವ ಮೊದಲು ನೆಲದ ಮೇಲೆ ಹೋಗುವ ಕೊರಿಯರ್ ಹೌದೋ ಅಲ್ಲವೋ ಕೇಳಿ, ಹೊರಡುವ ಎರಡು ವಾರ ಮುಂಚೆಯೇ ಕಳಿಸಿಬಿಡಿ.