ರೆಡಿಮೇಡ್ ಮೊರದ ಬಾಗಿನ ಸೆಟ್: ನೋಡೋಕೆ ಚೆಂದ, ಕೊಡೋಕೆ ಮುಜುಗರ

ಗೌರಿ ಹಬ್ಬಕ್ಕೆ ಆನ್‌ಲೈನ್‌ನಲ್ಲಿ ಸಿಗುವ ರೆಡಿಮೇಡ್ ಬಾಗಿನ ತಗೊಳ್ಳಬೇಕಾ ಬೇಡವಾ ಅಂತ ಯೋಚಿಸುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಗೌರಿ ದಾರ, ಬಳೆ ಬಿಚ್ಚೋಲೆ ಚೆನ್ನಾಗಿವೆ. ಉಳಿದದ್ದೆಲ್ಲ ಆಟದ ಸಾಮಾನು.

2025ರಲ್ಲಿ ಗೌರಿ ಬಂದದ್ದು ಆಗಸ್ಟ್ 26, ಮಂಗಳವಾರ. ಮಾರನೇ ದಿನ ಗಣೇಶ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ವಾರದ ನಡುವೆ ಮೊರ ತಂದು, ತೊಳೆದು, ಒಣಗಿಸಿ, ಅರಿಶಿನ ಹಚ್ಚಿ, ಧಾನ್ಯ ಅಳೆದು ಹಾಕಿ, ಜೊತೆಗೆ ಒಬ್ಬಟ್ಟಿನ ಹೂರಣವನ್ನೂ ರುಬ್ಬಿಕೊಂಡು ಕೂರುವುದು ಸುಲಭದ ಮಾತಲ್ಲ ಅಂತ 5 ಜೊತೆ ತರಿಸಿದ್ದೆ. ಒಂದು ಜೊತೆಗೆ 500 ರೂಪಾಯಿ ಹತ್ತಿರ ಬಿತ್ತು. ಅಂಗಡಿ ಹೆಸರು ಬರೆಯುತ್ತಿಲ್ಲ. ಇಂಥ ಸೆಟ್ ಮಾರುವವರು ಬೇಕಾದಷ್ಟು ಜನ ಇದ್ದಾರೆ, ಫೋಟೋ ನೋಡಿದರೆ ಎಲ್ಲರದ್ದೂ ಹೆಚ್ಚು ಕಮ್ಮಿ ಒಂದೇ ಥರ.

ಡೆಲಿವರಿ ಬಗ್ಗೆ ದೂರಿಲ್ಲ. ಹಬ್ಬಕ್ಕೆ ಮುಂಚೆಯೇ ಬಂತು, ಪ್ಯಾಕಿಂಗ್ ಗಟ್ಟಿಯಾಗಿತ್ತು, ಒಂದು ಗಾಜಿನ ಬಳೆಯೂ ಒಡೆದಿರಲಿಲ್ಲ. ಅರಿಶಿನದ ಪೊಟ್ಟಣ ಒಂದು ಸೋರಿ ರವಿಕೆ ಕಣಕ್ಕೆ ಮೆತ್ತಿಕೊಂಡಿತ್ತು, ಅದು ಶುಭ ಅಂದುಕೊಂಡು ಸುಮ್ಮನಾದೆ.

ಮೊರದಿಂದ ಶುರು ಮಾಡೋಣ. ಬಿದಿರಿನ ಮೊರವೇನೋ ನಿಜ, ಆದರೆ ಅಂಗೈ ಎರಡು ಜೋಡಿಸಿದರೆ ಎಷ್ಟೋ ಅಷ್ಟೇ ಅಗಲ. ಮೇಲೆ ಗುಲಾಬಿ ಬಣ್ಣದ ಪೇಂಟು, ಅಂಚಿಗೆ ಚಿನ್ನದ ಬಣ್ಣದ ಲೇಸು, ನಡುವೆ ಅಂಟು ಹಾಕಿ ಕೂರಿಸಿದ ಹರಳು. ಫೋಟೋದಲ್ಲಿ ಬಹಳ ಮುದ್ದಾಗಿ ಕಾಣುತ್ತದೆ. ಆದರೆ ನಮ್ಮ ಕಡೆ ಮೊರವನ್ನು ತೊಳೆದು ಅರಿಶಿನ ಬಳಿದು ಕುಂಕುಮ ಇಡುತ್ತಾರೆ ಅಲ್ವಾ, ಈ ಪೇಂಟಿನ ಮೇಲೆ ಅರಿಶಿನ ಹಿಡಿಯುವುದೇ ಇಲ್ಲ. ಜಾರುತ್ತದೆ. ಸ್ವಲ್ಪ ನೀರು ತಾಗಿದ್ದೇ ತಡ, ಒಂದರ ಲೇಸು ಕೈಗೆ ಬಂತು. ಒಂದು ಮೊರದಲ್ಲಿ ಸಾಮಾನು ತುಂಬಿ, ಇನ್ನೊಂದನ್ನು ಮೇಲೆ ಮುಚ್ಚಿ, ದಾರ ಸುತ್ತಿ ಕೊಡುವುದು ಪದ್ಧತಿ. ಇಲ್ಲಿ ತೆಂಗಿನಕಾಯಿ ಇಟ್ಟರೆ ಮೇಲಿನ ಮೊರ ಕೂರುವುದೇ ಇಲ್ಲ. ಅದಕ್ಕೇ ಇರಬೇಕು, ಅವರು ಕಾಯಿ ಬದಲು ನಿಂಬೆಹಣ್ಣಿನಷ್ಟು ದೊಡ್ಡ ಕೊಬ್ಬರಿ ಬಟ್ಟಲು ಕೊಟ್ಟಿದ್ದಾರೆ.

ಇನ್ನು ಧಾನ್ಯ. ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ಕಡಲೆಬೇಳೆ, ರವೆ, ಐದೂ ಇವೆ. ಒಂದೊಂದೂ ಪುಟಾಣಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ, ಹೋಟೆಲಿನಲ್ಲಿ ಊಟ ಆದಮೇಲೆ ಕೊಡುವ ಸೋಂಪಿನ ಹಾಗೆ. ಬೆಲ್ಲ ಅಂತ ಒಂದು ಚಿಕ್ಕ ತುಂಡು. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇಲ್ಲೇ. ಬಾಗಿನ ಅಂದರೆ ಮನೆ ನಡೆಸುವ ಹೆಂಗಸಿಗೆ ಬೇಕಾದ ಪದಾರ್ಥಗಳನ್ನು ತುಂಬು ಕೈಯಲ್ಲಿ ಕೊಡುವುದು. ಅಕ್ಕಿ ಬೇಳೆ ಅಡುಗೆಗೆ, ಬಳೆ ಬಾಚಣಿಗೆ ಕನ್ನಡಿ ಅಲಂಕಾರಕ್ಕೆ, ರವಿಕೆ ಕಣ ಹೊಲಿಸಿಕೊಳ್ಳೋಕೆ, ಖಾಲಿಯಾದ ಮೊರ ಅಕ್ಕಿ ಕೇರೋಕೆ. ತೆಗೆದುಕೊಂಡವರು ಅದರಲ್ಲಿ ಒಂದು ಹೊತ್ತಿನ ಅಡುಗೆಯಾದರೂ ಮಾಡಿಕೊಳ್ಳಬೇಕು. ಈ ಬೇಳೆಯಲ್ಲಿ ಒಂದು ಲೋಟ ಸಾರೂ ಆಗುವುದಿಲ್ಲ. ಪೊಟ್ಟಣ ಕತ್ತರಿಸಿ ಐದನ್ನೂ ಡಬ್ಬಿಗೆ ಸುರಿದುಕೊಳ್ಳುವ ಕಷ್ಟಕ್ಕೆ ಹೆದರಿ ಯಾರೂ ಬಿಚ್ಚುವುದೂ ಇಲ್ಲ, ಹಾಗೇ ಮುಂದಿನ ಮನೆಗೆ ದಾಟಿಸುತ್ತಾರೆ. ರವಿಕೆ ಕಣಗಳು ಊರೆಲ್ಲ ಸುತ್ತಿ ನಮ್ಮ ಮನೆಗೇ ವಾಪಸ್ ಬರುವುದು ನಮಗೆಲ್ಲ ಗೊತ್ತಿರುವ ವಿಷಯವೇ, ಈಗ ಬೇಳೆಯೂ ಆ ಸಾಲಿಗೆ ಸೇರಿತು.

ರವಿಕೆ ಕಣದ ವಿಷಯ ಬಂತಲ್ಲ, ಅದನ್ನೂ ಹೇಳುತ್ತೇನೆ. ಹೊಳೆಯುವ ಪಾಲಿಯೆಸ್ಟರ್, ತೋಳಿಗೆ ಬಟ್ಟೆ ಸಾಲದು. ಬಳೆ ಎಲ್ಲವೂ 2.4 ಸೈಜು. ನಮ್ಮ ಬಳಗದಲ್ಲಿ 2.4 ಹಾಕುವವಳು ಕಾಲೇಜಿಗೆ ಹೋಗುವ ಒಬ್ಬಳೇ ಹುಡುಗಿ. ಆರ್ಡರ್ ಮಾಡುವಾಗ 2.6, 2.8 ಆರಿಸುವ ಅವಕಾಶ ಇಟ್ಟರೆ ಏನು ಗಂಟು ಹೋಗುತ್ತದೆ? ಕನ್ನಡಿಯಲ್ಲಿ ಮುಖ ಕಾಣುವುದಿಲ್ಲ. ಬಾಚಣಿಗೆ ಬೊಂಬೆಗೆ ಸರಿಹೋದೀತು.

ಚೆನ್ನಾಗಿರುವುದನ್ನೂ ಹೇಳಬೇಕಲ್ಲ. ಬಳೆ ಬಿಚ್ಚೋಲೆ, ಅಂದರೆ ಆ ತೆಳ್ಳನೆ ಕಪ್ಪು ಬಳೆ ಮತ್ತು ಸುರುಳಿ ಓಲೆ, ಅಚ್ಚುಕಟ್ಟಾಗಿತ್ತು. ನಮ್ಮ ಏರಿಯಾದ ಅಂಗಡಿಗಳಲ್ಲಿ ಇದನ್ನು ಕೇಳಿದರೆ ಹುಡುಗರು ಮುಖ ಮುಖ ನೋಡುತ್ತಾರೆ. ಕರಿಮಣಿಯೂ ಸರಿಯಾಗಿತ್ತು. ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಗೌರಿ ದಾರ. ಒಳ್ಳೆ ಹತ್ತಿಯ ನೂಲು, 16 ಎಳೆ, 16 ಗಂಟು, ಅರಿಶಿನದ ಬಣ್ಣ ಸಮವಾಗಿ ಹಿಡಿದಿದೆ. ನಾನು ಕೂತು ಎಣಿಸಿದೆ, ಎಲ್ಲದರಲ್ಲೂ ಗಂಟು ಸರಿಯಾಗಿದೆ. ಪೂಜೆಯಲ್ಲಿ ಒಂದೊಂದು ಗಂಟಿಗೂ ಗೌರಿಯ ಒಂದೊಂದು ಹೆಸರು ಹೇಳಿ ಅರ್ಚನೆ ಮಾಡಿ ಆಮೇಲೆ ಬಲಗೈಗೆ ಕಟ್ಟಿಕೊಳ್ಳುವುದರಿಂದ ಇಲ್ಲಿ ಲೆಕ್ಕ ತಪ್ಪಿದರೆ ಪೂಜೆಯ ಮಧ್ಯೆ ಗಲಿಬಿಲಿ. ಇದನ್ನು ಮಾಡಿದವರಿಗೆ ಹಬ್ಬ ಗೊತ್ತಿದೆ. ಮೊರಕ್ಕೆ ಹರಳು ಅಂಟಿಸಿದವರು ಬೇರೆ ಯಾರೋ ಇರಬೇಕು.

ಜೊತೆಗೆ ಬಣ್ಣದ ಒಂದು ಕೈಪಿಡಿ ಇದೆ. ಭಾದ್ರಪದ ಶುಕ್ಲ ತದಿಗೆಯ ದಿನ ಗೌರಿ ತವರಿಗೆ ಬರುತ್ತಾಳೆ, ಮಾರನೇ ದಿನ ಚೌತಿಗೆ ಮಗ ಗಣೇಶ ಅಮ್ಮನನ್ನು ಕರೆದುಕೊಂಡು ಹೋಗೋಕೆ ಬರುತ್ತಾನೆ ಅಂತ ಚೆನ್ನಾಗಿ, ಮಕ್ಕಳಿಗೂ ಅರ್ಥವಾಗುವ ಹಾಗೆ ಬರೆದಿದ್ದಾರೆ. ತವರಿನ ಮಾತು ಬಂದದ್ದು ಖುಷಿಯಾಯಿತು, ಏಕೆಂದರೆ ಈ ಹಬ್ಬದ ಜೀವ ಇರುವುದೇ ಅಲ್ಲಿ. ಹೆಣ್ಣುಮಗಳಿಗೆ ತವರಿನಿಂದ ಗೌರಿ ಹಬ್ಬಕ್ಕೆ ಅಂತ ಸೀರೆಯೋ ದುಡ್ಡೋ ಬರುತ್ತದೆ. ಈಗ ಫೋನ್‌ನಲ್ಲೇ ದುಡ್ಡು ಬಂದರೂ ಸರಿ, ಬರದಿದ್ದರೆ ಮಾತ್ರ ವರ್ಷವಿಡೀ ನೆನಪಿರುತ್ತದೆ! ಬಾಗಿನ ಕೊಡುವಾಗ ಮೊರದ ಮೇಲೆ ಸೆರಗು ಮುಚ್ಚಿ ಕೊಡಬೇಕು, ತೆಗೆದುಕೊಳ್ಳುವವರೂ ಸೆರಗು ಹಿಡಿಯಬೇಕು ಅನ್ನುವುದನ್ನು ಚಿತ್ರ ಸಮೇತ ತೋರಿಸಿದ್ದಾರೆ, ಹೊಸದಾಗಿ ಮಾಡುವವರಿಗೆ ಉಪಯೋಗ. ಕೆಆರ್‌ಎಸ್ 124.80 ಅಡಿ ತುಂಬಿದಾಗ ಮುಖ್ಯಮಂತ್ರಿ ಕಾವೇರಿಗೆ ಮೊರದಲ್ಲಿ ಬಾಗಿನ ಬಿಡುವುದನ್ನು ಟಿವಿಯಲ್ಲಿ ನೋಡಿರುತ್ತೀರಿ, ನದಿಯನ್ನೂ ಮನೆಮಗಳ ಹಾಗೆ ಕಾಣುವ ಆ ಪದ್ಧತಿಯ ಬಗ್ಗೆಯೂ ಎರಡು ಸಾಲು ಹಾಕಬಹುದಿತ್ತು, ಹಾಕಿಲ್ಲ.

ಆದರೆ ಅದೇ ಕೈಪಿಡಿಯಲ್ಲಿ 'ಮುತ್ತೈದೆಯರಿಗೆ ಮಾತ್ರ ಕೊಡತಕ್ಕದ್ದು' ಅಂತ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಹಳೆಯ ರೂಢಿ ಹಾಗಿದೆ, ಸರಿ. ನಮ್ಮ ಮನೆಯಲ್ಲಿ ಅಜ್ಜಿಗೂ ಕೊಡುತ್ತೇವೆ, ತಾತ ಹೋದ ಮೇಲೂ ನಿಲ್ಲಿಸಿಲ್ಲ. ಎಷ್ಟು ಬಾಗಿನ, ಯಾರಿಗೆ, ಒಳಗೆ ಏನೇನು ಅನ್ನುವುದೆಲ್ಲ ಒಂದೊಂದು ಮನೆಯಲ್ಲಿ ಒಂದೊಂದು ಥರ. ಕೆಲವರು ಮಣ್ಣಿನ ಗೌರಿ ಕೂರಿಸಿದರೆ ಕೆಲವರು ಅರಿಶಿನದಲ್ಲೇ ಗೌರಿ ಮಾಡುತ್ತಾರೆ, ಕೆಲವರು ಕಲಶಕ್ಕೆ ಪೂಜೆ ಮಾಡುತ್ತಾರೆ. ಸಾಮಾನು ಮಾರುವ ಅಂಗಡಿ ನಮ್ಮ ಮನೆಯ ಹಿರಿಯರ ಜಾಗದಲ್ಲಿ ಕೂತು ಆಜ್ಞೆ ಮಾಡುವುದು ಬೇಡ ಅನಿಸಿತು.

ಕೊನೆಗೆ ನಾನು ಮಾಡಿದ್ದು ಇಷ್ಟು. ಗಾಂಧಿ ಬಜಾರಿಗೆ ಹೋಗಿ ಬಣ್ಣ ಬಳಿಯದ ಅಗಲ ಮೊರ ತಂದೆ. ಹಬ್ಬದ ಹಿಂದಿನ ದಿನಗಳಲ್ಲಿ ಗಾಂಧಿ ಬಜಾರ್, ಮಲ್ಲೇಶ್ವರದ 8ನೇ ಕ್ರಾಸ್, ಮೈಸೂರಿನವರಾದರೆ ದೇವರಾಜ ಮಾರ್ಕೆಟ್, ಎಲ್ಲ ಕಡೆ ಮೊರ ಸಿಗುತ್ತದೆ. ಹೆಣಿಗೆ ಬಿಗಿ ಇದೆಯಾ, ಅಂಚಿನ ಸಿಬಿರು ಕೈಗೆ ಚುಚ್ಚುತ್ತದಾ ಅಂತ ಸವರಿ ನೋಡಿ ತಗೊಳ್ಳಿ. ಚೌಕಾಸಿ ಜಾಸ್ತಿ ಮಾಡಬೇಡಿ, ಬಿದಿರು ಸೀಳಿ ಹೆಣೆಯುವುದು ಕೈ ಕೊಯ್ದುಕೊಳ್ಳುವ ಕೆಲಸ. ಅಡುಗೆಮನೆಯ ಡಬ್ಬಿಯಿಂದಲೇ ಅಕ್ಕಿ ಬೇಳೆ ಒಂದೊಂದು ಪಾವು ಹಾಕಿದೆ, ಕಾಯಿ ಇಟ್ಟೆ, ಬೆಲ್ಲದ ಅಚ್ಚು ಇಟ್ಟೆ. ದಾರ, ಬಿಚ್ಚೋಲೆ, ಕರಿಮಣಿ ಮಾತ್ರ ಸೆಟ್‌ನದ್ದು. ಎಲ್ಲ ಸೇರಿಸಿ ಖರ್ಚು ನೋಡಿದರೆ ಸೆಟ್‌ಗೆ ಕೊಟ್ಟ ದುಡ್ಡಿಗಿಂತ ಕಮ್ಮಿಯೇ.

ಹೊರದೇಶದಲ್ಲಿರುವ ಅಕ್ಕತಂಗಿಯರಿಗೆ ಕಳಿಸೋಕೆ ಈ ಸೆಟ್ ಆಗುತ್ತಾ ಅಂತ ಕೆಲವರು ಕೇಳಿದ್ದೀರಿ. ಹಗುರವಾಗಿದೆ, ಆಗಬಹುದು. ಆದರೆ ಆಸ್ಟ್ರೇಲಿಯಾದಂಥ ಕಡೆ ಧಾನ್ಯ, ಬಿದಿರು ಎರಡಕ್ಕೂ ಕಟ್ಟುನಿಟ್ಟಿನ ನಿಯಮ ಇದೆ, ಮೊದಲು ನೋಡಿಕೊಳ್ಳಿ. ಅಲ್ಲಿರುವವರಿಗೆ ದಾರ ಮತ್ತು ಒಳ್ಳೆ ರವಿಕೆ ಕಣ ಕಳಿಸಿ, ಅಕ್ಕಿ ಬೇಳೆ ಅಲ್ಲೇ ಸಿಗುತ್ತದೆ.

ಗೊಂಬೆ ಕೂರಿಸುವ ಮನೆಯಲ್ಲಿ ದಸರಾಗೆ ಈ ಮೊರಗಳು ಉಪಯೋಗಕ್ಕೆ ಬಂದಾವು, ನಾನು ಎತ್ತಿಟ್ಟಿದ್ದೇನೆ. 5ಕ್ಕೆ 2 ಸ್ಟಾರ್, ಎರಡೂ ದಾರ ಕಟ್ಟಿದವರಿಗೆ. ದಾರದ ಪೊಟ್ಟಣ ಬಿಡಿಯಾಗಿ ಮಾರುತ್ತೀರಾ ಅಂತ ಅವರಿಗೆ ಮೆಸೇಜ್ ಹಾಕಿದ್ದೇನೆ. 'ಸೆಟ್ ಜೊತೆಗೆ ಮಾತ್ರ' ಅಂತ ಉತ್ತರ ಬಂದಿದೆ.