ಪುಡಿಗೆ ಮೂರು ಮಾರ್ಕು, ನಳಿಕೆಗೆ ಐದು: ನಾಲ್ಕು ತಿಂಗಳು ಹವಳಕ್ಕೆ ಊಟ ಹಾಕಿದ ಮೇಲೆ

ಹವಳದ ಊಟದ ಡಬ್ಬಿ ಬಿಚ್ಚಿದರೆ ಒಳಗೆ ಮೂರು ವಸ್ತು. ಕಂದು ಬಣ್ಣದ ಪುಡಿ, ಕಿರುಬೆರಳಿನ ಉಗುರಿನಷ್ಟು ಚಮಚ, ಮತ್ತೆ ಹಿಂದೆ ರಬ್ಬರ್ ಬಲ್ಬ್ ಇರುವ ಉದ್ದ ಪ್ಲಾಸ್ಟಿಕ್ ನಳಿಕೆ. ಪುಡಿಗೆ ಐದಕ್ಕೆ ಮೂರು ಕೊಡುತ್ತೇನೆ. ನಳಿಕೆಗೆ ಐದಕ್ಕೆ ಐದು. ಚಮಚವನ್ನು ಸುಮ್ನೆ ಎಸೆದುಬಿಡಿ, ಯಾಕೆ ಅಂತ ಹೇಳುತ್ತೇನೆ.

ನನ್ನದು ಮನೆಯಲ್ಲಿ ಹವಳ ಸಾಕುವ 120 ಲೀಟರಿನ ಉಪ್ಪುನೀರಿನ ಟ್ಯಾಂಕ್, ಎರಡು ವರ್ಷ ಹಳೆಯದು. ಅದರಲ್ಲಿರುವ ಹವಳಗಳ ಹೆಸರು ಹೇಳುವುದಾದರೆ, ಒಂದು ಟಾರ್ಚ್, ಒಂದು ಹ್ಯಾಮರ್, ನಾಲ್ಕು ತಲೆಯ (ಒಂದೊಂದು ತಲೆಗೂ ಒಂದು ಬಾಯಿ) ಡಂಕನ್, ಕೆಂಪು ಅಕಾನ್ ಗುಂಪು, ಒಂದಿಷ್ಟು ಜೋವಾಂತಿಡ್, ಮೇಲ್ಗಡೆ ಬೆಳಕಿಗೆ ಹತ್ತಿರ ಎರಡು ತುಂಡು ಮಾಂಟಿಪೋರಾ. ಮೀನು ಮೂರೇ. ಬಂಡೆಯ ನೆರಳಲ್ಲಿ ಸನ್ ಕೋರಲ್ ಅನ್ನುವ ಇನ್ನೊಂದು ಹವಳ ಇದೆ. ಅದನ್ನು ತಂದಿದ್ದು ಬಣ್ಣ ನೋಡಿ ಮರುಳಾಗಿ. ಸಾಕುವುದು ಎಷ್ಟು ಕೆಲಸ ಅಂತ ಆಮೇಲೆ ಗೊತ್ತಾಯಿತು.

ಹವಳಕ್ಕೆ ಊಟ ಯಾಕೆ, ಬೆಳಕು ಸಾಲದಾ ಅಂತ ತುಂಬಾ ಜನ ಕೇಳುತ್ತಾರೆ. ಬೆಳಕಿನಿಂದ ಬದುಕುವ ಹವಳಗಳ ಮೈಯೊಳಗೆ ಸೂಕ್ಷ್ಮ ಪಾಚಿ ಮನೆ ಮಾಡಿಕೊಂಡಿರುತ್ತದೆ. ಅದು ಹಗಲಿಡೀ ಸಕ್ಕರೆ ತಯಾರಿಸಿ ಹವಳಕ್ಕೆ ಕೊಡುತ್ತದೆ. ದಿನ ತಳ್ಳುವುದಕ್ಕೆ ಬೇಕಾದ ಶಕ್ತಿ ಬಹುಪಾಲು ಅಲ್ಲಿಂದಲೇ ಬರುತ್ತದೆ. ಆದರೆ ಮೈ ಬೆಳೆಯಬೇಕಲ್ವಾ? ಅದಕ್ಕೆ ಸಾರಜನಕ, ರಂಜಕ, ಅಮೈನೋ ಆಮ್ಲ ಬೇಕು. ಸಮುದ್ರದಲ್ಲಾದರೆ ರಾತ್ರಿ ತೇಲಿ ಬರುವ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತವೆ. ಟ್ಯಾಂಕಿನಲ್ಲಿ ಮೀನಿನ ಊಟದ ಚೂರು, ಮೀನಿನ ಗಲೀಜು ಸಿಗುತ್ತದೆ. ಮೀನು ಜಾಸ್ತಿ ಇರುವವರಿಗೆ ಅಷ್ಟೇ ಸಾಕಾಗಬಹುದು. ಮೂರೇ ಮೀನು ಇರುವ ನನ್ನಂಥವರು ಕೈಯಿಂದ ಹಾಕುವುದು ಒಳ್ಳೆಯದು. ಸನ್ ಕೋರಲ್‌ದು ಬೇರೆ ಕಥೆ. ಅದರೊಳಗೆ ಪಾಚಿಯೇ ಇಲ್ಲ. ನಾವು ಹಾಕದಿದ್ದರೆ ಉಪವಾಸವೇ.

ಈಗ ಚಮಚದ ವಿಷಯ. ದಿನಕ್ಕೆ ಒಂದು ಚಮಚ ನೀರಿಗೆ ಉದುರಿಸಿ ಅಂತ ಡಬ್ಬಿ ಮೇಲೆ ಬರೆದಿದೆ. ನಾನು ಬರೆದ ಹಾಗೇ ಮಾಡಿದೆ. ಒಣ ಪುಡಿ ಮುಳುಗುವುದಿಲ್ಲ. ಮೇಲೆ ಪದರದ ಹಾಗೆ ತೇಲಿತು, ಅರ್ಧ ಓವರ್‌ಫ್ಲೋ (ಟ್ಯಾಂಕಿನ ನೀರು ಹೊರಗೆ ಹರಿಯುವ ಜಾಗ) ಒಳಗೆ ಹೋಯಿತು, ಉಳಿದದ್ದು ಮೀನಿನ ಹೊಟ್ಟೆಗೆ. ಹವಳಕ್ಕೆ ಎಷ್ಟು ಸಿಕ್ಕಿತೋ ದೇವರೇ ಬಲ್ಲ. ಮೂರು ವಾರ ಕಳೆದು ನೀರು ಟೆಸ್ಟ್ ಮಾಡಿದರೆ 8 ಪಿಪಿಎಂ ಇದ್ದ ನೈಟ್ರೇಟ್ 40ಕ್ಕೆ ಏರಿತ್ತು. ಫಾಸ್ಫೇಟ್ 0.06ರಿಂದ 0.25. ಮರಳಿನ ಮೇಲೆ ಕೆಂಪು ಲೋಳೆ ಹರಡಿತ್ತು. ಮಾಂಟಿಪೋರಾ ಬಣ್ಣ ಕಂದಿ ಮಂಕಾಗಿತ್ತು. ಬೆಳೆಯಲಿ ಅಂತ ಹಾಕಿದ ಊಟದಿಂದ ನೀರು ಕೆಟ್ಟಿತು. ಎರಡು ವಾರ ಪುಡಿ ಮುಟ್ಟಲಿಲ್ಲ, ಬರೀ ನೀರು ಬದಲಾಯಿಸಿದ್ದೇ ಕೆಲಸ.

ಆಮೇಲೆ ನಳಿಕೆ ಕೈಗೆ ತಗೊಂಡೆ. ಈಗ ವಾರಕ್ಕೆ ಎರಡೇ ಸಲ, ಅದೂ ದೀಪ ಆರಿ ಅರ್ಧ ಗಂಟೆ ಆದ ಮೇಲೆ. ಲೋಟದಲ್ಲಿ ಟ್ಯಾಂಕಿನ ನೀರು ತಗೊಂಡು, ಎರಡು ಚಿಟಿಕೆ ಪುಡಿ ಹಾಕಿ ಕಲಸಿ ಹತ್ತು ನಿಮಿಷ ಬಿಡುತ್ತೇನೆ. ನೆನೆದರೆ ತೇಲುವುದಿಲ್ಲ. ನೀರು ಅಲುಗಿಸುವ ವೇವ್‌ಮೇಕರ್, ನೀರನ್ನು ಟ್ಯಾಂಕಿಗೆ ವಾಪಸ್ ತರುವ ರಿಟರ್ನ್ ಪಂಪ್, ಗಲೀಜು ತೆಗೆಯುವ ಸ್ಕಿಮ್ಮರ್ ಎಲ್ಲಾ ಬಂದ್. ಮೊದಲು ಆ ನೀರನ್ನೇ ಒಂದೆರಡು ಹನಿ ಅಲ್ಲಲ್ಲಿ ಬಿಡಬೇಕು. ವಾಸನೆ ಸಿಕ್ಕಿದರೆ ಸಾಕು, ಐದು ನಿಮಿಷದಲ್ಲಿ ಅಕಾನ್ ತನ್ನ ಅಂಚಿನಿಂದ ಪಾರದರ್ಶಕ ಎಳೆಗಳನ್ನು ಹೊರಗೆ ಚಾಚುತ್ತದೆ. ಹಗಲು ನೋಡಿದರೆ ಅವು ಇದ್ದವು ಅಂತಲೇ ಗೊತ್ತಾಗುವುದಿಲ್ಲ.

ನಳಿಕೆಯ ತುದಿಯನ್ನು ಹವಳದಿಂದ ಎರಡು ಬೆರಳು ದೂರ ಹಿಡಿದು ಬಲ್ಬ್ ಮೆಲ್ಲಗೆ ಒತ್ತಬೇಕು. ಜೋರಾಗಿ ಊದಿದರೆ ಮುದುಡಿಕೊಳ್ಳುತ್ತದೆ, ಆ ರಾತ್ರಿಯ ಊಟ ಅಲ್ಲಿಗೆ ಮುಗೀತು. ಮೆಲ್ಲಗೆ ಬಿಟ್ಟರೆ ಪುಡಿ ಮೋಡದ ಹಾಗೆ ಇಳಿದು ಹವಳದ ಮೇಲೆ ಕೂರುತ್ತದೆ. ಮೈಯ ಲೋಳೆಗೆ ಅಂಟಿಕೊಂಡ ಕಣಗಳು ನಡುವಿನ ಬಾಯಿ ಕಡೆಗೆ ಜಾರುತ್ತಾ ಹೋಗುತ್ತವೆ. ಮುಚ್ಚಿದ ಸೀಳಿನ ಹಾಗಿದ್ದ ಬಾಯಿ ಅಗಲವಾಗುತ್ತದೆ. ಒಂದು ತಲೆಗೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಟಾರ್ಚ್ ಹಾಕಿಕೊಂಡು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗಲ್ಲ. (ಕೈಟಾರ್ಚು, ಹವಳ ಅಲ್ಲ. ಕೆಂಪು ಬೆಳಕಿನದಾದರೆ ಇನ್ನೂ ವಾಸಿ.)

ಒಬ್ಬ ಕಳ್ಳ ಇದ್ದಾನೆ. ಕ್ಲೀನರ್ ಸೀಗಡಿ. ನಳಿಕೆ ನೀರಿಗೆ ಇಳಿದರೆ ಸಾಕು, ಬಂಡೆಯಿಂದ ಓಡಿ ಬಂದು ಅಕಾನ್ ಮೇಲೆಯೇ ನಿಂತು, ಬಾಯೊಳಗೆ ಕೈ ಹಾಕಿ ಕಿತ್ತುಕೊಳ್ಳುತ್ತಾನೆ. ಹವಳಕ್ಕೂ ಗಾಯ. ಪ್ಲಾಸ್ಟಿಕ್ ಬಾಟಲಿಯ ಮೇಲಿನ ಅರ್ಧ ಕತ್ತರಿಸಿ ಹವಳದ ಮೇಲೆ ಗೋಪುರದ ಹಾಗೆ ಮುಚ್ಚಿ, ಬಾಟಲಿ ಬಾಯಿಂದ ನಳಿಕೆ ಇಳಿಸುವುದೇ ಉಪಾಯ. ಸೀಗಡಿಗೆ ಆ ಕಡೆ ಮೂಲೆಯಲ್ಲಿ ಒಂದು ಕಾಳು ಮೀನಿನ ಊಟದ ಲಂಚ.

ಪುಡಿ ಯಾರಿಗೆ ಹಿಡಿಸಿತು? ಅಕಾನ್, ಡಂಕನ್ ಎರಡಕ್ಕೂ ಪಕ್ಕಾ. ಡಂಕನ್ ನಾಲ್ಕು ತಲೆ ಇದ್ದದ್ದು ಈಗ ಏಳು. ಪುಡಿಯಿಂದಲೇ ಅಂತ ಆಣೆ ಮಾಡಲ್ಲ, ಇದೇ ಸಮಯಕ್ಕೆ ದೀಪವನ್ನೂ ಸ್ವಲ್ಪ ಸರಿಸಿದ್ದೆ. ಟಾರ್ಚ್, ಹ್ಯಾಮರ್ ಪುಡಿಗೆ ಅಷ್ಟಾಗಿ ಕ್ಯಾರೇ ಅನ್ನಲಿಲ್ಲ. ಅವಕ್ಕೆ ಫ್ರೋಜನ್ ಮೈಸಿಸ್ ಸೀಗಡಿಯೇ ಸರಿ. ಟ್ಯಾಂಕ್ ನೀರಲ್ಲಿ ಕರಗಿಸಿ, ಬಲೆಯಲ್ಲಿ ಸೋಸಿ ರಸ ಚೆಲ್ಲಿ, ತಲೆಗೆ ಒಂದು ಎರಡು. ದೊಡ್ಡ ತುಂಡು ಕೊಟ್ಟರೆ ನುಂಗಿ, ಬೆಳಗ್ಗೆ ಹಾಗೇ ಉಗುಳಿರುತ್ತವೆ. ಸನ್ ಕೋರಲ್‌ಗೂ ಮೈಸಿಸ್ಸೇ, ಒಂದೊಂದು ಪಾಲಿಪ್‌ಗೂ (ಅಂದರೆ ಒಂದೊಂದು ಬಾಯಿಗೂ) ಬೇರೆ ಬೇರೆ. ನನ್ನದರಲ್ಲಿ ಇಪ್ಪತ್ತಾರು ಬಾಯಿ ಇವೆ, ಎಣಿಸಿದ್ದೇನೆ. ಮಾಂಟಿಪೋರಾಗೆ ಬೇರೆ ಹಾಕುವುದಿಲ್ಲ. ಲೋಟದ ತಳದ ನೀರು ಕೊನೆಗೆ ಆ ಕಡೆ ಬಿಡುತ್ತೇನೆ, ಅಷ್ಟೇ. ಜೋವಾಂತಿಡ್‌ಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಡಬ್ಬಿಯಲ್ಲಿ ಒಂದು ಮಾತು ಬರೆಯಲೇಬೇಕಿತ್ತು, ಬರೆದಿಲ್ಲ: ಪಂಪ್ ವಾಪಸ್ ಹಾಕಲು ಅಲಾರಂ ಇಟ್ಟುಕೊಳ್ಳಿ. ಒಂದು ರಾತ್ರಿ ಊಟ ಹಾಕಿ ಹಾಗೇ ಮಲಗಿಬಿಟ್ಟೆ. ಬೆಳಗ್ಗೆ ಮೂರೂ ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದವು. ಪಂಪ್ ಹಾಕಿದ ಮೇಲೆ ಚೇತರಿಸಿಕೊಂಡವು, ಪುಣ್ಯ. ಈಗ ಫೋನಿನಲ್ಲಿ ಇಪ್ಪತ್ತೈದು ನಿಮಿಷದ ಅಲಾರಂ, ಸ್ಕಿಮ್ಮರ್‌ಗೆ ಒಂದು ಗಂಟೆಯದು ಬೇರೆ.

ಪುಡಿಯ ಗುಣ ಹೇಳುವುದಾದರೆ, ಕಣ ಒಂದೇ ಸಮ ಇದೆ, ನಳಿಕೆ ಕಟ್ಟಿಕೊಳ್ಳುವುದಿಲ್ಲ. ವಾಸನೆ ಮಾತ್ರ ಒಣಮೀನಿನದು, ಮುಚ್ಚಳ ಸರಿಯಾಗಿ ಬಿಗಿಯುವುದಿಲ್ಲ. ಗಾಳಿ, ತೇವ ತಗುಲಿ ಗಂಟು ಕಟ್ಟಿತು. ಬೇರೆ ಶೀಶೆಗೆ ತುಂಬಿಸಿ ಫ್ರಿಜ್‌ನಲ್ಲಿ ಇಟ್ಟಿದ್ದೇನೆ. ಮನೆಯವರು ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿದ್ದಾರೆ.

ಚಿಟಿಕೆ ಲೆಕ್ಕದಲ್ಲಿ ಬಳಸಿದರೆ ಮುಕ್ಕಾಲು ಪಾಲು ಇನ್ನೂ ಉಳಿದಿದೆ. ನಳಿಕೆಯ ತುದಿ ಮಾತ್ರ ಬಂಡೆಗೆ ತಾಗಿ ಸೀಳಿದೆ. ಅದೊಂದೇ ಬಿಡಿಯಾಗಿ ಸಿಗುತ್ತದಾ ಅಂತ ಹುಡುಕುತ್ತಿದ್ದೇನೆ.